ವಾಣಿಜ್ಯಕ್ಕೆ ಯೋಗ್ಯನಾರು?

ಪ್ರತಿವರ್ಷವೂ ನವೆಂಬರ್ ತಿಂಗಳ ಕೊನೆಗೆ ಮ್ಯಾನೇಜ್‌ಮೆಂಟ್ ಶಾಲೆಗಳ ಕ್ಯಾಟ್ ಎಂಬ ಪ್ರವೇಶಪರೀಕ್ಷೆ ಮುಗಿದು, ಹೊಸ ವರ್ಷದ ಹೊತ್ತಿಗೆ ಅದರ ಫಲಿತಾಂಶವು ಪ್ರಕಟವಾದೊಡನೆ, ಮಂಗಳೂರಿನ ಕೋಚಿಂಗ್ ಕೇಂದ್ರಗಳಲ್ಲಿ ತರುಣರೂ ಅವರ ತಂದೆತಾಯಿಯರೂ ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕುಳಿತಿರುತ್ತಾರೆ: ಇಷ್ಟು ಅಂಕ ಬಂದವರಿಗೆ ಬೆಂಗಳೂರಿನ ಐಐಎಂ ದೊರೆತೀತೆ, ಮಣಿಪಾಲದ ಟ್ಯಾಪ್ಮಿ ದೊರೆತೀತೆ, ಎರಡೂ ದೊರೆಯದಿದ್ದರೆ ಮುಂದೇನು? ಉತ್ತರ ಹೇಳುವವನು ಹಿಂದಿನ ವರ್ಷಗಳ ಕಟಾಫ್ ಪಟ್ಟಿಗಳನ್ನು ತಿರುವಿಹಾಕಿ, ಹತ್ತನೆಯ ತರಗತಿಯಿಂದ ಮೊದಲ್ಗೊಂಡು ಪದವಿಯವರೆಗಿನ ಅಂಕಗಳನ್ನು ಕೇಳಿ ತಿಳಿದು, ಒಂದು ಅಂದಾಜನ್ನು ಕಟ್ಟಿಕೊಡುತ್ತಾನೆ. ಈ ಅಂದಾಜಿನ ವೃತ್ತಿ ಹೊಸತು. ಆದರೆ ಅದರ ಹಿಂದಿರುವ ಪ್ರಶ್ನೆ, ವ್ಯಾಪಾರವ್ಯವಹಾರಗಳನ್ನು ನಂಬಿ ಒಪ್ಪಿಸಲು ಯೋಗ್ಯನಾರೆಂಬ ಪ್ರಶ್ನೆ, ಈ ಬಂದರಿನಷ್ಟೇ ಹಳೆಯದು.

ಅದರ ಲಿಖಿತ ಸಾಕ್ಷ್ಯವು ಹನ್ನೆರಡನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಉತ್ತರ ಆಫ್ರಿಕಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು 1132ರ ಸುಮಾರಿನಿಂದ 1149ರವರೆಗೆ ಮಂಗಳೂರನ್ನು ನೆಲೆಯಾಗಿ ಮಾಡಿಕೊಂಡು, ಕಾಳುಮೆಣಸು, ಏಲಕ್ಕಿ, ಅಡಕೆ, ಕಂಚಿನ ಪಾತ್ರೆ ಮುಂತಾದವನ್ನು ಏಡನ್ ಬಂದರಿಗೆ ಕಳುಹಿಸುತ್ತಿದ್ದನೆಂಬುದು ಕೈರೋ ನಗರದ ಪುರಾತನ ಯೆಹೂದಿ ಪ್ರಾರ್ಥನಾಮಂದಿರದ ಕಾಗದರಾಶಿಯಿಂದ, ಎಂದರೆ ಗೆನಿಜಾದಿಂದ, ತಿಳಿದುಬಂದಿದೆ. ಆತನ ಸರಕನ್ನು ಹಡಗೇರಿಸಿಕೊಂಡು ಏಡನ್ನಿಗೆ ಹೋಗಿ, ಅಲ್ಲಿ ಯಜಮಾನನ ಪರವಾಗಿ ವ್ಯವಹರಿಸಿ ಬರುತ್ತಿದ್ದವನು ಆತನ ದಾಸನಾಗಿದ್ದ ಬೊಮ್ಮ. ಈ ಹೆಸರು ತುಳುನಾಡಿನದೇ ಎಂದು ಲೇಖಕ ಅಮಿತಾವ್ ಘೋಷ್ ಅವರು ಈ ದಾಸನ ಜಾಡು ಹಿಡಿದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಏಡನ್ನಿನ ಮಹಾವರ್ತಕನಾದ ಮದ್ಮೂನನು ಬೆನ್ ಯಿಜುವಿಗೆ ಬರೆದ ಪತ್ರಗಳಲ್ಲಿ ಬೊಮ್ಮನಿಗೂ ವಂದನೆಗಳನ್ನು ತಿಳಿಸಿದ್ದಾನೆಂಬುದು ಗಮನಾರ್ಹ. ಅದೇ ಪತ್ರವ್ಯವಹಾರದಲ್ಲಿ, ಏಲಕ್ಕಿಗಾಗಿ ಮುಂಗಡ ಹಣ ಪಡೆದು ಸರಕನ್ನು ಒಪ್ಪಿಸದೆ ಹೋದ ಸ್ಥಳೀಯನೊಬ್ಬನ ವಿಚಾರವೂ ಮತ್ತೆಮತ್ತೆ ಬರುತ್ತದೆ. ಒಬ್ಬನನ್ನು ನಂಬಿದ ಫಲವೂ ಇನ್ನೊಬ್ಬನನ್ನು ನಂಬಿದ ನಷ್ಟವೂ ಹೀಗೆ ಒಂದೇ ಕಡತದಲ್ಲಿ ಉಳಿದುಬಂದಿವೆ. ಈ ಇಬ್ಬರ ಯೋಗ್ಯತೆಯನ್ನೂ ಅಳೆದುದು ಪರಿಚಯವೊಂದೇ. ಸಾಗರದಾಚೆಗೆ ಆ ಪರಿಚಯವನ್ನು ಹೊತ್ತೊಯ್ಯುತ್ತಿದ್ದುದು ಪತ್ರ.

ಅಲ್ಲಿಂದ ಮುಂದೆ ಅನೇಕ ಶತಮಾನಗಳ ಕಾಲ ಈ ಕ್ರಮದಲ್ಲಿ ಮೂಲಭೂತವಾದ ಬದಲಾವಣೆಯೇನೂ ಆದಂತೆ ತೋರುವುದಿಲ್ಲ. ಐಗಳ ಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿ, ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಮಾಡಿದ ಹುಡುಗನು ಬಂದರಿನ ಮಂಡಿಗೋ ರಥಬೀದಿಯ ಅಂಗಡಿಗೋ ಸೇರಿದಾಗ, ಆತನ ಕೈಗೆ ಮೊದಲು ಬರುತ್ತಿದ್ದುದು ಪೊರಕೆ, ಬಳಿಕ ತಕ್ಕಡಿ, ಅದಾದ ಮೇಲೆ ಚಿಟ್ಟಾ, ಕಿರ್ದಿ, ಖಾತೆ, ಎಲ್ಲಕ್ಕೂ ಕಡೆಯಲ್ಲಿ, ಬಂದರೆ ಬಂದೀತು, ಗಲ್ಲಾಪೆಟ್ಟಿಗೆಯ ಬೀಗದ ಕೈ. ಈ ಪರೀಕ್ಷೆಗೆ ದಿನಾಂಕವೂ ಇರಲಿಲ್ಲ, ಫಲಿತಾಂಶದ ಪ್ರಕಟನೆಯೂ ಇರಲಿಲ್ಲ. ಸರಕು ಇಳಿಸಿಕೊಳ್ಳುವಾಗ ಹುಡುಗನ ಕಣ್ಣು ಎತ್ತ ಹೋಗುತ್ತದೆ, ಸಾಲ ಕೇಳಲು ಬಂದವನೊಡನೆ ಅವನು ಹೇಗೆ ಮಾತಾಡುತ್ತಾನೆ, ಸಂಜೆಯ ಲೆಕ್ಕದಲ್ಲಿ ಎರಡು ಕಾಸು ಹೆಚ್ಚಾದರೆ ಅದನ್ನು ಹೇಳುತ್ತಾನೋ ಬಚ್ಚಿಡುತ್ತಾನೋ ಎಂಬುದನ್ನು ಧನಿಗಳು ವರ್ಷಗಟ್ಟಲೆ ನೋಡುತ್ತಿದ್ದರು. ನೋಡುವವನು ತನ್ನ ಹಣವನ್ನೇ ಪಣವಾಗಿಟ್ಟು ನೋಡುತ್ತಿದ್ದುದರಿಂದ ಆ ನೋಟದಲ್ಲಿ ಅಲಕ್ಷ್ಯಕ್ಕೆ ಎಡೆಯಿರಲಿಲ್ಲ.

ಆದರೆ ಈ ಪದ್ಧತಿಯ ಗುಣವನ್ನು ಕೊಂಡಾಡುವವರು ಅದರ ದೋಷವನ್ನು ಮರೆಯಲಾಗದು. ಪರಿಚಯವೆಂಬುದು ಮನೆತನ, ಜಾತಿ, ಊರುಗಳ ಎಲ್ಲೆಯೊಳಗೇ ಸುಳಿಯುವ ವಸ್ತು. ಅಂಗಡಿಯ ಮೆಟ್ಟಿಲನ್ನೇ ಹತ್ತಲಾಗದವನ ಪ್ರಾಮಾಣಿಕತೆಯನ್ನು ಯಾವ ಧನಿ ನೋಡಿಯಾನು? ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿ, ಅದಕ್ಕಾಗಿ ಸ್ವಜನರ ಬಹಿಷ್ಕಾರವನ್ನೂ ಎದುರಿಸಬೇಕಾಯಿತೆಂಬುದನ್ನು ನೆನೆದರೆ, ಆ ಮೆಟ್ಟಿಲು ಎಷ್ಟು ಎತ್ತರದ್ದಾಗಿತ್ತೆಂಬುದು ತಿಳಿಯುತ್ತದೆ. ಹೆಣ್ಣುಮಕ್ಕಳ ಸ್ಥಿತಿಯೂ ಬೇರೆಯಾಗಿರಲಿಲ್ಲ. ಸಂತ ಆಗ್ನೆಸ್ ಕಾಲೇಜು ಅವರಿಗೆಂದು ಬಾಗಿಲು ತೆರೆದುದು 1921ರಲ್ಲಿ. ಜಾತಿಯನ್ನೂ ಜೀವನೋಪಾಯವನ್ನೂ ಏಕಕಾಲಕ್ಕೆ ಕಳೆದುಕೊಂಡ ಮತಾಂತರಿತರಿಗೆ ಬಾಸೆಲ್ ಮಿಷನ್ನಿನವರು ನೇಯ್ಗೆ, ಮುದ್ರಣಾಲಯಗಳಲ್ಲಿಯೂ, ಅವರಲ್ಲೊಬ್ಬರಾದ ಪ್ಲೆಬ್ಸ್ಟ್ 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಲ್ಲಿಯೂ ಕೆಲಸ ಕೊಟ್ಟರು. ಇದು ಹೊಸ ಬಾಗಿಲೇ ಸರಿ, ಆದರೆ ಅಲ್ಲಿಯೂ ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ಮತ್ತೊಂದು ಬಗೆಯ ಪರಿಚಯ.

ಅಪರಿಚಿತನಿಗೆ ಅವಕಾಶವನ್ನು ತಂದುದು ಪರೀಕ್ಷೆ. 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷಕನಿಗೆ ಕರಾವಳಿಯ ಹುಡುಗನ ಅಜ್ಜನಾರು, ಮನೆಯೆಲ್ಲಿ, ಕುಲವಾವುದು ಎಂಬುದೊಂದೂ ತಿಳಿದಿರಲಿಲ್ಲ; ತಿಳಿದಿದ್ದುದು ನೋಂದಣಿಯ ಸಂಖ್ಯೆ, ಕಂಡುದು ಉತ್ತರಪತ್ರಿಕೆ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಿಂದಲೂ, ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಸ್ಥಾಪಿಸಿದ ಕೆನರಾ ಹೈಸ್ಕೂಲಿನಿಂದಲೂ ಹೊರಬಂದ ತರುಣರಿಗೆ, ತಮ್ಮ ಯೋಗ್ಯತೆಯನ್ನು ತಮ್ಮನ್ನು ಕಂಡೇ ಇರದವರೊಬ್ಬರು ದೂರದಲ್ಲಿ ಕುಳಿತು ನಿರ್ಣಯಿಸುವರೆಂಬ ಅನುಭವ ಮೊದಲ ಬಾರಿಗೆ ಆಯಿತು. ಫಲಿತಾಂಶ ಏನಾದೀತೆಂಬ ಕಳವಳ ಹುಟ್ಟಿದುದೂ ಆಗಲೇ; ಬಾಲ್ಯದಿಂದಲೂ ಬಲ್ಲ ಧನಿಗಳ ಮುಂದೆ ನಿಂತವನಿಗೆ ಅಂತಹ ಊಹೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಹಳೆಯ ಮತ್ತು ಹೊಸ ಕ್ರಮಗಳೆರಡೂ ಅರ್ಧ ಶತಮಾನಕ್ಕೂ ಮಿಕ್ಕಿ ಜೊತೆಯಾಗಿ ಬಾಳಿದ ಸ್ಥಳವೆಂದರೆ ಈ ಜಿಲ್ಲೆಯ ಬ್ಯಾಂಕುಗಳು. ಅದೇ ಸುಬ್ಬರಾವ್ ಪೈಗಳು 1906ರ ಜುಲೈ 1ರಂದು ಸ್ಥಾಪಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡು 1910ರಲ್ಲಿ ಕೆನರಾ ಬ್ಯಾಂಕಾಯಿತು. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಆರಂಭಿಸಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕೆನಿಸಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟು, 1931ರಲ್ಲಿ ಎ. ಬಿ. ಶೆಟ್ಟರ ನೇತೃತ್ವದಲ್ಲಿ ವಿಜಯಾ ಬ್ಯಾಂಕು ತಲೆಯೆತ್ತಿದವು. ಕೆಲಸಕ್ಕೆ ಬಂದ ಹುಡುಗನಲ್ಲಿ ಅಂಕಪಟ್ಟಿಯಿರಬೇಕು, ಬೆರಳಚ್ಚಿನ ಪರೀಕ್ಷೆಯೂ ಆಗಿದ್ದರೆ ಲೇಸು. ಆದರೂ ನಿರ್ದೇಶಕರ ಪೈಕಿ ಯಾರೊಬ್ಬರೋ "ಈತ ನಮ್ಮ ಇಂಥವರ ಮಗ, ನಂಬಬಹುದು" ಎಂದು ನುಡಿದ ಮಾತಿಗಿದ್ದ ತೂಕ ಅಂಕಪಟ್ಟಿಗಿರಲಿಲ್ಲ. ಪ್ರತಿಯೊಂದು ಬ್ಯಾಂಕೂ ತಾನು ಹುಟ್ಟಿದ ಸಮುದಾಯದ ತರುಣರನ್ನು ಹೆಚ್ಚಾಗಿ ಸೇರಿಸಿಕೊಂಡಿತೆಂಬುದು ಕರಾವಳಿಯಲ್ಲಿ ಗುಟ್ಟಿನ ಸಂಗತಿಯೇನೂ ಅಲ್ಲ. ವಿಜಯಾ ಬ್ಯಾಂಕಿನಲ್ಲಿ ಮೂಲ್ಕಿ ಸುಂದರರಾಮ ಶೆಟ್ಟರ ಕಾಲದಲ್ಲಿ ದೊರೆತ ಉದ್ಯೋಗದಿಂದ ಮೇಲೆ ಬಂದ ಕುಟುಂಬಗಳು ಅವರನ್ನು ಇಂದಿಗೂ ಕೃತಜ್ಞತೆಯಿಂದ ಸ್ಮರಿಸುವುದುಂಟು. ಹಳ್ಳಿಯ ಬಡ ರೈತನ ಮಗನನ್ನು ಮುಂಬಯಿಯ ಶಾಖೆಯ ಮ್ಯಾನೇಜರನ ಕುರ್ಚಿಯವರೆಗೆ ಒಯ್ದ ಪರಿಚಯವೇ, ಅದೇ ಹಳ್ಳಿಯ ಇನ್ನೊಬ್ಬ ಬಡವನ ಮಗನನ್ನು ಹೊಸ್ತಿಲ ಹೊರಗೆ ನಿಲ್ಲಿಸಿತು.

1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾದಾಗ ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ಸೇರಿದ್ದುವು. 1980ರ ಏಪ್ರಿಲ್ 15ರಂದು ವಿಜಯಾ ಹಾಗೂ ಕಾರ್ಪೊರೇಷನ್ ಬ್ಯಾಂಕುಗಳೂ ಸರ್ಕಾರದ ಪಾಲಾದುವು. ನೇಮಕದ ಅಧಿಕಾರವು ನಿರ್ದೇಶಕರ ಕೊಠಡಿಯಿಂದ ಹೊರಬಿದ್ದು, ದೇಶವ್ಯಾಪಿಯಾದ ಲಿಖಿತ ಪರೀಕ್ಷೆಗಳಿಗೆ ಸಂದಿತು. ಆ 1980ನೆಯ ಇಸವಿಯಲ್ಲಿಯೇ ಕೊಣಾಜೆಯ ಸ್ನಾತಕೋತ್ತರ ಕೇಂದ್ರವು ಮಂಗಳೂರು ವಿಶ್ವವಿದ್ಯಾನಿಲಯವಾಗಿ ಬೆಳೆದುದೂ, ಮಣಿಪಾಲದಲ್ಲಿ ಟಿ. ಎ. ಪೈ ಅವರ ಹೆಸರಿನ ಟ್ಯಾಪ್ಮಿ ಎಂಬ ಮ್ಯಾನೇಜ್‌ಮೆಂಟ್ ಸಂಸ್ಥೆ ಸ್ಥಾಪನೆಯಾದುದೂ ಕೇವಲ ಕಾಕತಾಳೀಯವಿರಬಹುದು. ಆದರೂ ಇತಿಹಾಸವನ್ನು ನೋಡುವವನಿಗೆ ಅದು ಒಂದು ಸಂಧಿಕಾಲದಂತೆ ಕಾಣುತ್ತದೆ. ವ್ಯವಹಾರವನ್ನು ಮಂಡಿಯಲ್ಲಿ ಕಲಿತು ಬ್ಯಾಂಕಿನಲ್ಲಿ ಬೆಳೆಸಿದ ಜಿಲ್ಲೆಯು, ಅದನ್ನು ಶಾಸ್ತ್ರವಾಗಿ ಕಲಿಸಲು ತೊಡಗಿದ ವರ್ಷವದು. ಅದಕ್ಕೂ ಮುನ್ನವೇ ಹೊರನಾಡಿನ ದಾರಿ ತೆರೆದಿತ್ತು: ಅಹಮದಾಬಾದು ಮತ್ತು ಕಲ್ಕತ್ತಗಳ ಐಐಎಂಗಳು 1961ರಲ್ಲಿಯೂ ಬೆಂಗಳೂರಿನದು 1973ರಲ್ಲಿಯೂ ಹುಟ್ಟಿದ್ದುವು, ಮಂಗಳೂರಿನ ಕೆ. ವಿ. ಕಾಮತರು ಸುರತ್ಕಲ್ಲಿನ ಕೆ.ಆರ್.ಇ.ಸಿ.ಯಲ್ಲಿ ಇಂಜಿನಿಯರಿಂಗ್ ಓದಿ, ಅಹಮದಾಬಾದಿನಲ್ಲಿ ವ್ಯಾಸಂಗ ಮುಗಿಸಿ, 1971ರಲ್ಲಿ ಐಸಿಐಸಿಐ ಸೇರಿದುದು ಇಲ್ಲಿಯ ಎಷ್ಟೋ ತರುಣರಿಗೆ ಮಾದರಿಯಾಯಿತು.

ವಿದ್ಯಾಸಂಸ್ಥೆಗೆ ಯಾರನ್ನು ಸೇರಿಸಿಕೊಳ್ಳಬೇಕೆಂಬ ವಿವಾದವು ಕಡೆಗೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದಾಗ, ಆ ಪ್ರಸಿದ್ಧ ಮೊಕದ್ದಮೆಯೂ ಈ ನೆಲದ ಹೆಸರನ್ನೇ ಹೊತ್ತಿತ್ತು. ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ಮಂದಿ ನ್ಯಾಯಾಧೀಶರ ಪೀಠವು 2002ರ ಅಕ್ಟೋಬರ್ 31ರಂದು ನೀಡಿದ ತೀರ್ಪು, ಖಾಸಗಿ ಸಂಸ್ಥೆಗಳ ಸ್ವಾತಂತ್ರ್ಯವನ್ನು ಮನ್ನಿಸಿದರೂ, ಪ್ರವೇಶವು ಅರ್ಹತೆಯನ್ನು ಆಧರಿಸಿ ಪಾರದರ್ಶಕವಾಗಿ ನಡೆಯಬೇಕೆಂದು ವಿಧಿಸಿತು.

ಈಗ ಅಂದಾಜಿನ ವಿಷಯಕ್ಕೆ ಬರೋಣ. ಕ್ಯಾಟ್ ಪರೀಕ್ಷೆಯನ್ನು ಈಚಿನ ವರ್ಷಗಳಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕಿದ ಮಂದಿ ಬರೆಯುತ್ತಾರೆ. 99 ಪರ್ಸೆಂಟೈಲ್ ಪಡೆದವನು ನೂರಕ್ಕೆ ತೊಂಬತ್ತೊಂಬತ್ತು ಮಂದಿಯನ್ನು ಹಿಂದಿಟ್ಟನೆಂದು ಮನೆಯವರು ಹಿಗ್ಗುವುದು ಸಹಜ. ಆದರೆ ಉಳಿದ ಆ ಒಂದು ಪಾಲಿನಲ್ಲಿ ಎರಡೂವರೆ ಸಾವಿರ ಮಂದಿ ಇರುತ್ತಾರೆಂದೂ, ಬೆಂಗಳೂರಿನ ಪ್ರಧಾನ ತರಗತಿಯ ಸ್ಥಾನಗಳು ಕೆಲವೇ ನೂರೆಂದೂ, ಅವುಗಳಲ್ಲಿಯೂ ಶೇಕಡಾ 15 ಪರಿಶಿಷ್ಟ ಜಾತಿ, 7.5 ಪರಿಶಿಷ್ಟ ಪಂಗಡ, 27 ಹಿಂದುಳಿದ ವರ್ಗ, 10 ಆರ್ಥಿಕವಾಗಿ ದುರ್ಬಲರು ಎಂಬ ಹಂಚಿಕೆಯಿದೆಯೆಂದೂ ಅರಿತವನಿಗೆ ಮಾತ್ರ ಆ ಸಂಖ್ಯೆಯ ನಿಜಾರ್ಥ ದಕ್ಕುತ್ತದೆ. ಪರ್ಸೆಂಟೈಲು ತಿಳಿಸುವುದು ಅಭ್ಯರ್ಥಿಯ ಸ್ವಭಾವವನ್ನಲ್ಲ, ಸಮೂಹದ ಸಾಲಿನಲ್ಲಿ ಆತ ನಿಂತ ಸ್ಥಳವನ್ನು. ಅಂದಾಜುಗಾರನ ಪಟ್ಟಿಯೂ, ಇಂಥ ಸ್ಥಳದಲ್ಲಿ ನಿಂತಿದ್ದ ಹತ್ತು ಮಂದಿಯಲ್ಲಿ ಇಷ್ಟು ಮಂದಿಗೆ ಕರೆ ಬಂದಿತ್ತೆಂದು ಹೇಳಬಲ್ಲುದೇ ಹೊರತು, ಎದುರಿಗೆ ಕುಳಿತಿರುವ ಈ ಒಬ್ಬ ಆ ಹತ್ತರಲ್ಲಿ ಯಾರೆಂಬುದನ್ನು ಹೇಳಲಾರದು.

ಇಷ್ಟಾದರೂ ಲಿಖಿತ ಪರೀಕ್ಷೆಯೊಂದರಿಂದಲೇ ತೃಪ್ತರಾದ ಸಂಸ್ಥೆಗಳು ವಿರಳ. ಕರೆ ಬಂದವನನ್ನು ಎದುರಿಗೆ ಕೂರಿಸಿಕೊಂಡು ಸಂದರ್ಶನ ಮಾಡುತ್ತಾರೆ; ಎಲ್ಲಿ ದುಡಿದೆ, ಏನು ಮಾಡಿದೆ, ಏಕೆ ಬಿಟ್ಟೆ ಎಂದು ವಿಚಾರಿಸುತ್ತಾರೆ; ಎಳೆಯ ವಯಸ್ಸಿನ ಅಂಕಗಳನ್ನೂ ಕೆದಕಿ ನೋಡುತ್ತಾರೆ. 1908ರಲ್ಲಿ ಸ್ಥಾಪಿತವಾದ ಹಾರ್ವರ್ಡಿನ ವಾಣಿಜ್ಯಶಾಲೆಯಂತಹ ಅಮೆರಿಕದ ಸಂಸ್ಥೆಗಳು, ಜೀಮ್ಯಾಟ್ ಮುಂತಾದ ಪರೀಕ್ಷೆಗಳ ಅಂಕಗಳನ್ನು ಬಳಸುತ್ತಿದ್ದರೂ, ಅಭ್ಯರ್ಥಿಯನ್ನು ಹತ್ತಿರದಿಂದ ಬಲ್ಲವರ ಶಿಫಾರಸು ಪತ್ರಗಳನ್ನು ಬಿಟ್ಟುಕೊಟ್ಟಿಲ್ಲ. ಏಡನ್ನಿಗೂ ಮಂಗಳೂರಿಗೂ ನಡುವೆ ಓಡಾಡಿದ ಪತ್ರಗಳು ಮಾಡುತ್ತಿದ್ದ ಕೆಲಸವೇ ಇದು. ಧನಿಗಳು ಹತ್ತು ವರ್ಷ ನೋಡಿ ಅರಿಯುತ್ತಿದ್ದುದನ್ನು ಸಂದರ್ಶಕರು ಕೆಲವು ನಿಮಿಷಗಳಲ್ಲಿ ಅರಿಯಲು ಹೆಣಗುತ್ತಾರೆ. ಅದರಲ್ಲಿ ಅವರು ಪೂರ್ಣವಾಗಿ ಗೆಲ್ಲರೆಂಬುದಕ್ಕೆ, ಒಬ್ಬನೇ ಅಭ್ಯರ್ಥಿ ಒಂದೆಡೆ ತಿರಸ್ಕೃತನಾಗಿ ಮತ್ತೊಂದೆಡೆ ಸ್ವೀಕೃತನಾಗುವುದೇ ಸಾಕ್ಷಿ.

ಆದಕಾರಣ, ಹಳೆಯ ಪರಿಚಯದ ಕಾಲವು ಸುವರ್ಣಯುಗವೆಂದು ಹಲುಬುವುದೂ, ಅಂಕವೊಂದೇ ನ್ಯಾಯದ ತಕ್ಕಡಿಯೆಂದು ನಂಬುವುದೂ ಎರಡೂ ಸಲ್ಲದು. ಪರಿಚಯವು ಆಳವಾಗಿ ಕಂಡಿತು, ಆದರೆ ಕೆಲವರನ್ನೇ ಕಂಡಿತು. ಅಂಕವು ಎಲ್ಲರನ್ನೂ ಕಂಡಿತು, ಆದರೆ ಮೇಲುಮೇಲಕ್ಕೆ ಕಂಡಿತು. ಇಂದು ಅಂಕಪಟ್ಟಿಯನ್ನು ಹಿಡಿದು ಬಂದವನಿಗೆ ಅವಕಾಶದ ಅಳತೆಯನ್ನು ಹೇಳುವವರು, ಸಂಖ್ಯೆಯು ಹೇಳುವಷ್ಟನ್ನು ಮರೆಮಾಚದೆ ಹೇಳಿ, ಅದು ಹೇಳಲಾರದ ಎಡೆಯಲ್ಲಿ ನಿಲ್ಲುವ ಸಂಯಮವನ್ನು ತೋರಿದರೆ ಸಾಕು. ಕೇಳುವವನಾದರೋ, ಆ ಅಂದಾಜು ಒಂದು ವರ್ಷದ ಒಂದು ಬಾಗಿಲಿಗೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬೇಕು. ಯಾವ ಶಾಲೆಯಿಂದ ಹೊರಬಂದರೂ, ಹಣದ ವ್ಯವಹಾರದಲ್ಲಿ ಅವನನ್ನು ನಂಬಬಹುದೆ ಎಂಬ ಪ್ರಶ್ನೆಯನ್ನು ಮುಂದೆ ಅವನಿಗೆ ಸಾಲ ಕೊಡುವವರು, ಅವನ ಸಹೋದ್ಯೋಗಿಗಳು, ಗಿರಾಕಿಗಳು ಮತ್ತೆ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಲು ಇಂದಿಗೂ ವರ್ಷಗಳೇ ಬೇಕು.