ದೇವರ ಮುಂದೆ ಹರಡಿದ ಕಾಗದ

ತುಂಬಾ ದಿನಗಳಿಂದ ಬರೆಯಬೇಕು ಅಂದುಕೊಂಡು ಮುಂದೂಡುತ್ತಾ ಬಂದ ವಿಷಯ ಇದು. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಇವತ್ತು ಶನಿವಾರ, ಹೊರಗೆ ಮಳೆ, ಆಫೀಸಿನಿಂದ ಫೋನೂ ಇಲ್ಲ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ :)

ಎರಡು ವರ್ಷದ ಹಿಂದೆ ಅಪ್ಪನಿಗೆ ಹೃದಯದ ಆಪರೇಷನ್ ಆದಾಗ ಐಸಿಯು ಹೊರಗಿನ ಬೆಂಚಿನ ಮೇಲೆ ಐದು ರಾತ್ರಿ ಕಳೆದೆ. ಆ ಬೆಂಚುಗಳದ್ದೇ ಒಂದು ಬೇರೆ ಊರು. ಅಲ್ಲಿ ಯಾರಿಗೂ ಹೆಸರಿರುವುದಿಲ್ಲ, ನಾಲ್ಕನೇ ಬೆಡ್ಡಿನವರು, ಏಳನೇ ಬೆಡ್ಡಿನವರು ಅಷ್ಟೇ. ಅಮ್ಮ ಮನೆಯಲ್ಲಿ ಧರ್ಮಸ್ಥಳಕ್ಕೆ ಮುಡಿಪು ಕಟ್ಟಿಟ್ಟಿದ್ದಳು. ನಾನು ಏನೂ ತೋಚದೆ ಮೊಬೈಲಿನಲ್ಲಿ ರಕ್ತನಾಳಗಳ ಬಗ್ಗೆ ಓದುತ್ತಾ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಅಕ್ಕ, ಅವರ ಮಗ ಒಳಗಿದ್ದ. ಎರಡನೇ ರಾತ್ರಿ ಅವರು ಮಗನ ರಿಪೋರ್ಟು, ಡಾಕ್ಟರ ಚೀಟಿ, ಖರ್ಚಿನ ಪಟ್ಟಿ ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಬೆಂಚಿನ ಮೇಲೆ ಹರಡಿದರು. ಪಕ್ಕದಲ್ಲಿ ಸತ್ಯವೇದ (ಕನ್ನಡದ ಬೈಬಲ್ಲಿನ ಹೆಸರು) ಇಟ್ಟು ಕಣ್ಣು ಮುಚ್ಚಿ ಕೂತರು. ಏನೋ ಹುಡುಕುತ್ತಿದ್ದಾರೆ ಅಂದುಕೊಂಡು ಸಹಾಯ ಬೇಕಾ ಅಂತ ಕೇಳಿದೆ. "ಇಲ್ಲಪ್ಪ, ಹಿಜ್ಕೀಯ ಹಿಂಗೇ ಮಾಡಿದ್ನಲ್ಲ" ಅಂದರು, ನನಗೂ ಗೊತ್ತಿರುವ ನೆಂಟರ ಹೆಸರು ಹೇಳಿದ ಹಾಗೆ.

ಯಾರೀ ಹಿಜ್ಕೀಯ? ಆ ರಾತ್ರಿ ಅವರ ಪುಸ್ತಕ ಈಸಿಕೊಂಡು ಎರಡನೆಯ ಅರಸುಗಳು ಎಂಬ ಭಾಗದ ಮೂರು ಅಧ್ಯಾಯ ಓದಿದೆ. ಆಮೇಲೆ ಊರಿಗೆ ಹೋಗಿ ಬಂದು, ಆಫೀಸಿನ ಬಸ್ಸಿನಲ್ಲಿ, ರಜದಲ್ಲಿ, ಸಿಕ್ಕಿದ್ದೆಲ್ಲ ಓದಿದೆ. ಬೈಬಲ್ಲಿನ ಪ್ರಾರ್ಥನೆಗಳಲ್ಲಿ ಇದರ ಸುತ್ತಮುತ್ತ ಇರುವಷ್ಟು ಕಲ್ಲು, ಮಣ್ಣು, ಶಾಸನದ ಸಾಕ್ಷಿ ಬೇರೆ ಯಾವುದರ ಸುತ್ತಲೂ ಇದ್ದಂತಿಲ್ಲ.

ಕಾಲ ಕ್ರಿ.ಪೂ. 701. ಇವತ್ತಿನ ಉತ್ತರ ಇರಾಕಿನಲ್ಲಿದ್ದ ಅಶ್ಶೂರ ಸಾಮ್ರಾಜ್ಯ ಆಗಿನ ಜಗತ್ತಿನ ದೊಡ್ಡಣ್ಣ. ಇಪ್ಪತ್ತು ವರ್ಷದ ಹಿಂದಷ್ಟೇ ಇಸ್ರಾಯೇಲ್ ಎಂಬ ಉತ್ತರದ ರಾಜ್ಯವನ್ನು ಅಳಿಸಿಹಾಕಿ ಜನರನ್ನು ಎತ್ತಂಗಡಿ ಮಾಡಿತ್ತು. ದಕ್ಷಿಣದಲ್ಲಿ ಉಳಿದದ್ದು ಯೆಹೂದ ಎಂಬ ಪುಟ್ಟ ರಾಜ್ಯ, ರಾಜಧಾನಿ ಯೆರೂಸಲೇಮ್, ಅರಸ ಹಿಜ್ಕೀಯ. ಕ್ರಿ.ಪೂ. 705ರಲ್ಲಿ ಅಶ್ಶೂರದ ದೊರೆ ಸಾರ್ಗೋನ್ ಯುದ್ಧದಲ್ಲಿ ಸತ್ತ. ಸಾಮ್ರಾಜ್ಯದ ಮೂಲೆಮೂಲೆಯಲ್ಲಿ ದಂಗೆ ಎದ್ದಿತು. ಇದೇ ಸಮಯ ಅಂತ ಹಿಜ್ಕೀಯನೂ ಕಪ್ಪ ನಿಲ್ಲಿಸಿದ. ಸಾರ್ಗೋನನ ಮಗ ಸನ್ಹೇರೀಬ ಬಿಡುವ ಆಸಾಮಿಯಲ್ಲ, ದೊಡ್ಡ ದಂಡು ಕಟ್ಟಿಕೊಂಡು ಹೊರಟೇ ಬಿಟ್ಟ.

ಹಿಜ್ಕೀಯ ಕೈಕಟ್ಟಿ ಕೂರಲಿಲ್ಲ. ಯೆರೂಸಲೇಮಿನ ನೀರೆಲ್ಲ ಗೀಹೋನ್ ಎಂಬ ಒಂದು ಬುಗ್ಗೆಯದು, ಅದು ಇರುವುದು ಪೂರ್ವದ ಕಣಿವೆಯ ಅಂಚಿನಲ್ಲಿ. ಅದನ್ನು ಊರೊಳಗೆ ತರಲು ಬಂಡೆ ಕೊರೆದು ಸುರಂಗ ಮಾಡಿಸಿದ. ಓದಿದ್ದು ಸಿವಿಲ್, ಮಾಡುತ್ತಿರುವುದು ಸಾಫ್ಟ್‌ವೇರ್ ಆಗಿರುವ ನನ್ನಂಥವನಿಗೆ ಇಲ್ಲಿ ಸ್ವಲ್ಪ ಹೊತ್ತು ನಿಲ್ಲದೆ ಮುಂದೆ ಹೋಗಲು ಆಗುವುದಿಲ್ಲ. ಸುರಂಗದ ಉದ್ದ 533 ಮೀಟರ್. ಎರಡು ತುದಿಯಿಂದ ಎರಡು ತಂಡಗಳು ಕೊರೆಯುತ್ತಾ ಬಂದಿವೆ, ಅದೂ ನೇರವಾಗಿ ಅಲ್ಲ, ಹಾವಿನ ಹಾಗೆ ಅಂಕುಡೊಂಕಾಗಿ. ಈ ತುದಿಯಿಂದ ಆ ತುದಿಗೆ ಇಳಿಜಾರು ಸುಮಾರು 30 ಸೆಂಟಿಮೀಟರ್ ಮಾತ್ರ! ಸರ್ವೇಯಿಂಗ್ ಲ್ಯಾಬಿನಲ್ಲಿ ಕಾಲೇಜು ಮೈದಾನ ಒಂದು ಸುತ್ತು ಅಳೆದು ಹೊರಟ ಬಿಂದುವಿಗೇ ವಾಪಸ್ ಬರಲಾಗದೆ ಬೈಸಿಕೊಂಡವನು ನಾನು. ಅವರ ಬಳಿ ಥಿಯೋಡೊಲೈಟೂ ಇರಲಿಲ್ಲ.

1880ರಲ್ಲಿ ಆ ನೀರಿಗಿಳಿದ ಹುಡುಗನೊಬ್ಬನ ಕಣ್ಣಿಗೆ ಗೋಡೆಯ ಮೇಲಿನ ಹಳೆಯ ಹೀಬ್ರೂ ಬರಹ ಬಿತ್ತು. ಆ ಕಲ್ಲು ಈಗ ಇಸ್ತಾಂಬುಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿರುವುದು ಎರಡು ತಂಡಗಳು ಕೂಡಿದ ದಿನದ ವರದಿ. ಇನ್ನು ಮೂರು ಮೊಳ ಇರುವಾಗ ಈ ಕಡೆಯವನಿಗೆ ಆ ಕಡೆಯವನು ಕೂಗುವುದು ಕೇಳಿಸಿತಂತೆ. ಕೊನೆಗೆ ಗುದ್ದಲಿಗೆ ಗುದ್ದಲಿ ತಾಗಿ, ನೀರು ಹರಿಯಿತಂತೆ. ಎರಡು ಟೀಮಿನ ಕೋಡು ಮೊದಲ ಸಲ ಒಟ್ಟಿಗೆ ಓಡಿದ ದಿನದ ಖುಷಿ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತೆ. ವಿಶೇಷ ಏನಂದರೆ ಆ ಬರಹದಲ್ಲಿ ಅರಸನ ಹೆಸರಿಲ್ಲ. ದೇವರ ಹೆಸರೂ ಇಲ್ಲ. (ಅರಸನ ಹೆಸರಿಲ್ಲದ್ದರಿಂದ ಇದು ಬೇರೆ ಕಾಲದ್ದಿರಬಹುದು ಎನ್ನುವವರೂ ಇದ್ದಾರೆ. 2003ರಲ್ಲಿ ಸುರಂಗದ ಗಾರೆಯಲ್ಲಿ ಸಿಕ್ಕ ಗಿಡದ ಚೂರುಗಳನ್ನು ಪರೀಕ್ಷಿಸಿದಾಗ ಬಂದದ್ದು ಕ್ರಿ.ಪೂ. 700ರ ಆಸುಪಾಸು.)

ಸುರಂಗದ ಜೊತೆಗೆ ಗೋಡೆಯೂ ಎದ್ದಿತು. 1970ರ ದಶಕದಲ್ಲಿ ನಹ್ಮಾನ್ ಅವಿಗಾದ್ ಅಗೆದು ತೆಗೆದ ಆ ಗೋಡೆ ಸುಮಾರು ಏಳು ಮೀಟರ್ ದಪ್ಪ, ಮತ್ತು ಅದು ಜನರ ಮನೆಗಳ ಮೇಲೇ ಹಾದುಹೋಗಿದೆ. ಗೋಡೆಗಾಗಿ ಮನೆ ಕೆಡವಿದ್ದನ್ನು ಅದೇ ಊರಲ್ಲಿದ್ದ ಪ್ರವಾದಿ ಯೆಶಾಯ ಹೇಳಿದ್ದಾನೆ, ಬೈದೂ ಇದ್ದಾನೆ. ಕೊಳ ಕಟ್ಟಿಸಿದಿರಿ, ಗೋಡೆ ಎಬ್ಬಿಸಿದಿರಿ, ಇದನ್ನೆಲ್ಲ ಮಾಡಿದವನ ಕಡೆ ಮಾತ್ರ ತಿರುಗಿ ನೋಡಲಿಲ್ಲ ಎಂಬುದು ಅವನ ತಕರಾರು. ನನಗಂತೂ ಇದು ಸ್ವಲ್ಪ ಅನ್ಯಾಯ ಅನ್ನಿಸಿತು. ದಂಡು ಬರುತ್ತಿರುವಾಗ ನೀರಿಗೆ ವ್ಯವಸ್ಥೆ ಮಾಡಿದ್ದೇ ತಪ್ಪಾ?

ಸನ್ಹೇರೀಬ ಮೊದಲು ಬಿದ್ದದ್ದು ಸುತ್ತಲಿನ ಊರುಗಳ ಮೇಲೆ. ಅದರಲ್ಲಿ ದೊಡ್ಡದು ಲಾಕೀಷ್, ಯೆಹೂದದ ಎರಡನೇ ನಗರ ಅನ್ನಬಹುದು. ಅಲ್ಲಿ ನಡೆದದ್ದು ನಮಗೆ ಗೊತ್ತಿರುವುದು ಗೆದ್ದವರಿಂದಲೇ. ನಿನೆವೆಯ ಅರಮನೆಯ ಒಂದು ಕೋಣೆಯ ಗೋಡೆಗಳ ತುಂಬ ಇದೇ ಮುತ್ತಿಗೆಯನ್ನು ಕೆತ್ತಿಸಿದ್ದರು. 1840ರ ದಶಕದಲ್ಲಿ ಆಸ್ಟಿನ್ ಹೆನ್ರಿ ಲೇಯಾರ್ಡ್ ಅದನ್ನು ಪತ್ತೆ ಮಾಡಿದ, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇಂಟರ್ನೆಟ್ಟಿನಲ್ಲಿ ಫೋಟೋಗಳಿವೆ, ಊಟಕ್ಕೆ ಮೊದಲು ನೋಡಬೇಡಿ. ಶೂಲಕ್ಕೇರಿಸಿದವರು, ಚರ್ಮ ಸುಲಿಸಿಕೊಳ್ಳುತ್ತಿರುವವರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ, ಎತ್ತಿನ ಗಾಡಿಯಲ್ಲಿ ಗಂಟುಮೂಟೆ ಹೇರಿಕೊಂಡು, ಮಕ್ಕಳನ್ನು ಮೇಲೆ ಕೂರಿಸಿಕೊಂಡು ಊರು ಬಿಡುತ್ತಿರುವ ಸಂಸಾರಗಳು. ಕೋಟೆಗೆ ಹತ್ತಲು ಅಶ್ಶೂರದವರು ಕಲ್ಲು ಸುರಿದು ಮಾಡಿದ ಇಳಿಜಾರು ಇವತ್ತಿಗೂ ಲಾಕೀಷಿನಲ್ಲಿದೆ. 1973ರಿಂದ ಅಲ್ಲಿ ಅಗೆದ ಡೇವಿಡ್ ಉಸ್ಸಿಷ್ಕಿನ್ ತಂಡಕ್ಕೆ ರಾಶಿ ಬಾಣದ ಮೊನೆಗಳು ಸಿಕ್ಕವು. ಒಳಗಿನವರು ಅದಕ್ಕೆ ಎದುರಾಗಿ ಗೋಡೆಯ ಒಳಮಗ್ಗುಲಲ್ಲಿ ಮಣ್ಣು ಪೇರಿಸಿದ್ದೂ ಕಂಡಿತು. ಕೊನೆಯ ದಿನದ ತನಕ ಮಣ್ಣು ಹೊತ್ತಿದ್ದಾರೆ ಪಾಪ.

ಲಾಕೀಷಿಗೆ ಹಿಜ್ಕೀಯ ಹೇಳಿಕಳಿಸಿದ: ತಪ್ಪಾಯಿತು, ಎಷ್ಟು ಕೇಳುತ್ತೀಯೋ ಕೊಡುತ್ತೇನೆ. ಬೈಬಲ್ ಇದನ್ನು ಮುಚ್ಚಿಟ್ಟಿಲ್ಲ. ದೇವಾಲಯದ ಬಾಗಿಲಿನ ಚಿನ್ನವನ್ನೂ ಕೆತ್ತಿಸಿ ಕೊಟ್ಟನಂತೆ, 30 ತಲಾಂತು ಬಂಗಾರ, 300 ತಲಾಂತು ಬೆಳ್ಳಿ. 1830ರಲ್ಲಿ ನಿನೆವೆಯಲ್ಲಿ ಸಿಕ್ಕ ಸನ್ಹೇರೀಬನ ಮಣ್ಣಿನ ಪಟ್ಟಕದಲ್ಲೂ ಬಂಗಾರ 30 ತಲಾಂತೇ! ಬೆಳ್ಳಿ ಮಾತ್ರ 800. (ಎರಡು ಕಂಪನಿಗಳ ಲೆಕ್ಕ ಯಾವತ್ತಾದರೂ ಪೂರ್ತಿ ತಾಳೆಯಾಗಿದೆಯಾ?)

ಕಪ್ಪ ಕೊಟ್ಟ ಮೇಲೂ ದೂತರು ಯಾಕೆ ಬಂದರು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಅಂತೂ ರಬ್ಷಾಕೆ ಎಂಬ ಅಧಿಕಾರಿ ಯೆರೂಸಲೇಮಿನ ಗೋಡೆಯ ಹೊರಗೆ ಬಂದು ನಿಂತ. ಇಲ್ಲೊಂದು ಸ್ವಾರಸ್ಯವಿದೆ, ನಮ್ಮಂಥ ಭಾಷೆಯ ಹುಚ್ಚಿನವರಿಗೆ ಇಷ್ಟವಾಗುತ್ತೆ. ಅರಸನ ಮಂತ್ರಿಗಳು ಅವನನ್ನು ಬೇಡಿಕೊಳ್ಳುತ್ತಾರೆ, ದಯವಿಟ್ಟು ಅರಾಮಿಕ್ಕಿನಲ್ಲಿ ಮಾತಾಡಿ, ನಮಗೆ ಅರ್ಥವಾಗುತ್ತೆ, ಗೋಡೆ ಮೇಲಿನ ಜನಕ್ಕೆ ಕೇಳಿಸುವ ಹಾಗೆ ನಮ್ಮ ಭಾಷೆಯಲ್ಲಿ ಬೇಡ ಅಂತ. ಅರಾಮಿಕ್ ಆಗಿನ ಕಾಲದ ಇಂಗ್ಲಿಷ್ ಅನ್ನಿ. ಅವನು ಕೇಳಿಯಾನೆ? ಇನ್ನೂ ಜೋರಾಗಿ, ಜನರ ಭಾಷೆಯಲ್ಲೇ ಕೂಗಿದ. ಎರಡು ಸಾವಿರ ಕುದುರೆ ಕೊಡುತ್ತೇನೆ, ಹತ್ತುವವರಾದರೂ ಇದ್ದಾರಾ ನಿಮ್ಮಲ್ಲಿ ಅಂತ ಗೇಲಿ ಮಾಡಿದ. ಬೇರೆ ಯಾವ ಊರಿನ ದೇವರು ತನ್ನ ಊರನ್ನು ನಮ್ಮ ಕೈಯಿಂದ ಉಳಿಸಿಕೊಂಡಿದ್ದಾನೆ ಹೇಳಿ ಅಂದ. ಆಮೇಲೆ ಅದನ್ನೇ ಪತ್ರದಲ್ಲೂ ಬರೆದು ಕಳಿಸಿದರು.

ಆ ಪತ್ರವನ್ನೇ ಹಿಜ್ಕೀಯ ದೇವಾಲಯಕ್ಕೆ ತೆಗೆದುಕೊಂಡು ಹೋಗಿ ದೇವರ ಮುಂದೆ ಬಿಡಿಸಿ ಹರಡಿದ್ದು.

ಅವನ ಪ್ರಾರ್ಥನೆ ಚಿಕ್ಕದು. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ, ಪತ್ರದಲ್ಲಿ ಇರುವುದೆಲ್ಲ ಸುಳ್ಳು ಅಂತ ಅವನು ಹೇಳುವುದಿಲ್ಲ. ಅಶ್ಶೂರದವರು ದೇಶಗಳನ್ನು ಹಾಳುಮಾಡಿದ್ದು ನಿಜ, ಅಲ್ಲಿನ ದೇವರುಗಳನ್ನು ಬೆಂಕಿಗೆ ಹಾಕಿದ್ದೂ ನಿಜ ಅಂತ ಒಪ್ಪಿಕೊಂಡೇ ಕೇಳುತ್ತಾನೆ. ನಂಬಿಕೆ ಅಂದರೆ ರಿಪೋರ್ಟು ಮುಚ್ಚಿಟ್ಟುಕೊಳ್ಳುವುದು ಅಂತ ನಾನು ತಿಳಿದಿದ್ದೆ. ಇವನು, ಆ ಅಕ್ಕ, ಇಬ್ಬರೂ ರಿಪೋರ್ಟನ್ನು ಬಿಡಿಸಿಟ್ಟವರು.

ಮುಂದೆ ಏನಾಯಿತು? ಬೈಬಲ್ಲಿನ ಪ್ರಕಾರ ಒಂದೇ ರಾತ್ರಿಯಲ್ಲಿ ದೇವದೂತ 1,85,000 ಸೈನಿಕರನ್ನು ಕೊಂದ. ಸನ್ಹೇರೀಬನ ಪಟ್ಟಕದ ಪ್ರಕಾರ ಅವನು ಕೋಟೆಯಿದ್ದ 46 ಊರು ಹಿಡಿದ, 2,00,150 ಜನರನ್ನು ಸೆರೆಹಿಡಿದ, ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಯೆರೂಸಲೇಮಿನೊಳಗೆ ಕೂಡಿಹಾಕಿದ. ಆದರೆ ಯೆರೂಸಲೇಮನ್ನು ಗೆದ್ದೆ ಅಂತ ಎಲ್ಲೂ ಇಲ್ಲ. ಅರಮನೆಯ ಗೋಡೆಯ ಮೇಲೆ ರಾಜಧಾನಿಯ ಬದಲು ಲಾಕೀಷ್ ಬಂದದ್ದಕ್ಕೂ ಅದೇ ಕಾರಣ ಇರಬೇಕು. ಗ್ರೀಕರ ಹೆರೊಡೋಟಸ್ ಇನ್ನೂರೈವತ್ತು ವರ್ಷಗಳ ನಂತರ ಈಜಿಪ್ಟಿನಲ್ಲಿ ಕೇಳಿ ಬರೆದ ಕಥೆ ಇನ್ನೊಂದು: ಸನ್ಹೇರೀಬ ಈಜಿಪ್ಟಿನ ಮೇಲೆ ಬಂದಾಗ ಅಲ್ಲಿನ ಅರ್ಚಕ ದೊರೆ ಗುಡಿಯಲ್ಲಿ ಅತ್ತನಂತೆ, ರಾತ್ರಿ ಇಲಿಗಳು ಬಂದು ದಂಡಿನ ಬಿಲ್ಲಿನ ಹೆದೆಗಳನ್ನೆಲ್ಲ ಕಡಿದುಹಾಕಿದವಂತೆ. ಪ್ರಾರ್ಥನೆ ಅಲ್ಲೂ ಇದೆ, ದೇವರು ಬೇರೆ. ಇಲಿ ಅಂದರೆ ಪ್ಲೇಗು ಇರಬಹುದು ಅಂತ ಊಹಿಸಿದವರಿದ್ದಾರೆ. ಕಪ್ಪ ಸಿಕ್ಕಿತಲ್ಲ, ಸಾಕು ಅಂತ ಹೊರಟಿರಬಹುದು ಎನ್ನುವವರೂ ಇದ್ದಾರೆ. ಊರು ಉಳಿಯಿತು, ಅದಂತೂ ಖಚಿತ.

ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಲಾಕೀಷ್. ಅಲ್ಲಿಯೂ ಅದೇ ದೇವರನ್ನು ನಂಬಿದವರೇ ಇದ್ದದ್ದು. ಗಾಡಿ ಹತ್ತುವ ಮೊದಲು ಅವರು ಪ್ರಾರ್ಥಿಸಲಿಲ್ಲವೇ? ಅರಸುಗಳ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ. ದಂಡು ಬೀಡುಬಿಟ್ಟ ಜಾಗವಾಗಿ ಮಾತ್ರ ಆ ಊರಿನ ಹೆಸರು ಬರುತ್ತೆ.

ಸಿಟ್ಟು ಬಂದು ಮುಂದೆ ಓದಿದೆ. ಉಳಿದ ಊರಿಗೂ ಆ ಉಳಿವು ಒಳ್ಳೆಯದು ಮಾಡಿದಂತೆ ಕಾಣಲಿಲ್ಲ. ಮುಂದಿನ ತಲೆಮಾರುಗಳಿಗೆ ಅದು ಗ್ಯಾರಂಟಿ ಕಾರ್ಡ್ ಆಯಿತು, ದೇವಾಲಯ ಇರುವ ತನಕ ಯಾರೂ ನಮ್ಮನ್ನು ಮುಟ್ಟಲಾರರು ಅಂತ. ಸುಮಾರು ತೊಂಬತ್ತು ವರ್ಷದ ನಂತರ ಯೆರೆಮೀಯ ಎಂಬ ಪ್ರವಾದಿ ಅದೇ ದೇವಾಲಯದ ಬಾಗಿಲಲ್ಲಿ ನಿಂತು ಹೇಳಿದ: ಪರದೇಶಿ, ಅನಾಥ, ವಿಧವೆಯರನ್ನು ತುಳಿದು, ಕಳ್ಳತನ ಮಾಡಿ, ಇಲ್ಲಿ ಬಂದು ಕ್ಷೇಮ ಅಂದುಕೊಳ್ಳುತ್ತೀರಾ, ಇದೇನು ಕಳ್ಳರ ಗವಿಯಾ? ಅವನನ್ನು ಹಿಡಿದು ಕೊಲ್ಲಬೇಕು ಅಂದರು. ಕ್ರಿ.ಪೂ. 586ರಲ್ಲಿ ಬಾಬೆಲಿನ ನೆಬೂಕದ್ನೆಚ್ಚರನ ಸೈನ್ಯ ದೇವಾಲಯವನ್ನು ಸುಟ್ಟಿತು. ಹಿಜ್ಕೀಯ ಪತ್ರ ಹರಡಿದ್ದ ಜಾಗ ಬೂದಿ.

ಆ ಬೂದಿಯ ಮೇಲೆ ಹುಟ್ಟಿದ್ದು ಪ್ರಲಾಪಗಳು ಎಂಬ ಐದು ಪದ್ಯಗಳು. ಮೊದಲ ನಾಲ್ಕು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿವೆ, ನಾವು ಅ ಆ ಇ ಈ ಹಿಡಿದು ಒಂದೊಂದು ಸಾಲು ಕಟ್ಟಿದ ಹಾಗೆ. (ಕನ್ನಡದಲ್ಲಿ ಓದಿದರೆ ಇದು ಗೊತ್ತೇ ಆಗುವುದಿಲ್ಲ.) ಅಳು ನಿಲ್ಲದವರು ಅಕ್ಷರ ಹಿಡಿದುಕೊಂಡಂತಿದೆ. ಅಲ್ಲಿ ದೇವರಿಗೆ ನೇರವಾಗಿ ದೂರಿದೆ: ನಮ್ಮ ಮೊರೆ ದಾಟದಂತೆ ನೀನು ಮೋಡ ಮುಚ್ಚಿಕೊಂಡು ಕೂತಿದ್ದೀಯ ಅಂತ. ಕೊನೆಯೂ ಸಮಾಧಾನವಲ್ಲ, ನಮ್ಮನ್ನು ಪೂರ್ತಿ ಬಿಟ್ಟೇಬಿಟ್ಟೆಯಾ ಎಂಬಂಥ ಅನುಮಾನ. ದೇವಾಲಯ ಬಿದ್ದ ದಿನ, ಆವ್ ತಿಂಗಳ ಒಂಬತ್ತನೆಯ ತಾರೀಖು, ಯೆಹೂದ್ಯರು ಇವತ್ತಿಗೂ ನೆಲದ ಮೇಲೆ ಕೂತು ಇದನ್ನು ಓದುತ್ತಾರೆ. ಕೊನೆಯ ಸಾಲು ಅಷ್ಟು ಕಹಿ ಅಂತ ಅದರ ಹಿಂದಿನ ಸಾಲನ್ನು ಮತ್ತೊಮ್ಮೆ ಹೇಳಿ ಮುಗಿಸುತ್ತಾರಂತೆ.

ಗೆದ್ದ ಪ್ರಾರ್ಥನೆಯನ್ನು ಇಟ್ಟುಕೊಂಡು ಇದನ್ನು ಕೈಬಿಡಬಹುದಿತ್ತು. ಪುಸ್ತಕ ಕಟ್ಟಿದವರು ಎರಡನ್ನೂ ಇಟ್ಟರು. ನನಗೆ ಅವರ ಮೇಲೆ ಗೌರವ ಬಂದದ್ದು ಇಲ್ಲಿ. ಇನ್ನೊಂದನ್ನೂ ಇಟ್ಟಿದ್ದಾರೆ: ಸನ್ಹೇರೀಬ ಸತ್ತದ್ದು ಇಪ್ಪತ್ತು ವರ್ಷ ಕಳೆದು, ಕ್ರಿ.ಪೂ. 681ರಲ್ಲಿ, ಸ್ವಂತ ಮಕ್ಕಳ ಕೈಯಲ್ಲಿ. ಬೈಬಲ್ಲಿನ ಪ್ರಕಾರ ಆಗ ಅವನು ತನ್ನ ದೇವರ ಗುಡಿಯಲ್ಲಿ ಪೂಜೆ ಮಾಡುತ್ತಿದ್ದ.

ಹಿಜ್ಕೀಯನಿಗೆ ಇನ್ನೊಂದು ಪ್ರಾರ್ಥನೆಯೂ ಇದೆ, ಅದೂ ಆಸ್ಪತ್ರೆಯ ಬೆಂಚಿಗೆ ಹತ್ತಿರದ್ದು. ಸಾಯುವ ಕಾಯಿಲೆ ಬಿದ್ದು, ಗೋಡೆ ಕಡೆ ಮುಖ ತಿರುಗಿಸಿ ಅತ್ತ. ಇನ್ನು 15 ವರ್ಷ ಸಿಕ್ಕಿತು. ಯೆಶಾಯ ಹುಣ್ಣಿನ ಮೇಲೆ ಅಂಜೂರದ ಉಂಡೆ ಕಟ್ಟಲು ಹೇಳಿದನಂತೆ. ಗೋಡೆ ಕಟ್ಟಿದ್ದಕ್ಕೆ ಬೈದ ಅದೇ ಯೆಶಾಯ, ಔಷಧಿ ಬೇಡ ಅನ್ನಲಿಲ್ಲ.

ಅಪ್ಪನನ್ನು ಐದನೇ ದಿನ ವಾರ್ಡಿಗೆ ಹಾಕಿದರು. ಈಗ ಬೆಳಗ್ಗೆ ಎರಡು ಕಿಲೋಮೀಟರ್ ನಡೆಯುತ್ತಾರೆ, ಉಪ್ಪಿನಕಾಯಿಗೆ ಅಮ್ಮನ ಜೊತೆ ಜಗಳವಾಡುತ್ತಾರೆ. ಮುಡಿಪು ಒಪ್ಪಿಸಿ ಬಂದೆವು. ಆ ಅಕ್ಕನ ಮಗ ನಾಲ್ಕನೇ ದಿನ ಬೆಳಗಿನ ಜಾವ ಹೋಗಿಬಿಟ್ಟ. ನಾನು ಟೀ ತರಲು ಕೆಳಗೆ ಹೋಗಿದ್ದೆ. ಬರುವಷ್ಟರಲ್ಲಿ ಅವರು ಕಾಗದಗಳನ್ನೆಲ್ಲ ಹಳೆಯ ಮಡಿಕೆಯಲ್ಲೇ ಮಡಚಿ ಪುಸ್ತಕದೊಳಗೆ ಇಡುತ್ತಿದ್ದರು. ನನಗೆ ಮಾತು ಬರಲಿಲ್ಲ, ಟೀ ಲೋಟ ಮುಂದೆ ಹಿಡಿದೆ. ತೆಗೆದುಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ನಿಮ್ಮಪ್ಪ ಏನಾದ್ರೂ ತಿಂದ್ರಾ" ಅಂತ ಕೇಳಿದರು. ಎರಡು ಚಮಚ ಗಂಜಿ ಕುಡಿದರು ಅಂದೆ.