ಮ್ಯಾಕಿಯವೆಲ್ಲಿಯೂ ಮೇಗುತಿಯ ಗೋಡೆಯೂ

ಇಂಗ್ಲಿಷಿನವರು ವಿದ್ವಾಂಸರ ಹೆಸರಿಗೊಂದು ಬಾಲ ಹಚ್ಚಿ ವಿಶೇಷಣ ಮಾಡಿಕೊಳ್ಳುತ್ತಾರೆ. ಪೆಟ್ರಾರ್ಕನಿಂದ ಪೆಟ್ರಾರ್ಕನ್ ಸಾನೆಟ್ಟು, ಎರಾಸ್ಮಸ್‌ನಿಂದ ಗ್ರೀಕ್ ಓದುವ ಎರಾಸ್ಮಿಯನ್ ಉಚ್ಚಾರ. ಮ್ಯಾಕಿಯವೆಲ್ಲಿಗೆ ಮಾತ್ರ ಅನ್ಯಾಯವಾಯಿತು. ಫ್ಲಾರೆನ್ಸಿನ ಆಡಳಿತದಲ್ಲಿ ದುಡಿದು, ಲಿವಿಯ ರೋಮ್ ಚರಿತ್ರೆಯ ಮೇಲೆ ಗ್ರಂಥ ಬರೆದವನ ಹೆಸರಲ್ಲಿ ಕಪಟವೊಂದೇ ಉಳಿಯಿತು. ನಮ್ಮ ಚಾಣಕ್ಯನ ನಸೀಬು ಚಲೋ. ಚುನಾವಣೆ ಬಂದರೆ ಬಾಗಲಕೋಟೆಯ ಚಹಾದಂಗಡಿಯಲ್ಲಿ ಪಕ್ಷಕ್ಕೊಬ್ಬ ಚಾಣಕ್ಯ, ಸೋತವನು ಶಕುನಿ.

ಕನ್ನಡಕ್ಕೆ ಬಾಲ ಬೇಕಿಲ್ಲ. ‘ಪಾಣಿನೀಯ’ದಂಥವು ಪಂಡಿತರ ಮಾತಿಗಷ್ಟೇ. ನಾವು ಹೆಸರನ್ನು ಇದ್ದ ಹಾಗೇ ಮುಂದೆ ನಿಲ್ಲಿಸುತ್ತೇವೆ: ಪಂಪಯುಗ, ಬಸವಯುಗ, ಕಿಟೆಲ್ ಕೋಶ. ಗುಳೇದಗುಡ್ಡ ಖಣ, ಇಳಕಲ್ಲ ಸೀರೆ ಅನ್ನುವ ಬಾಯಿಗೆ ಇದೇ ಸಹಜ. ಸೀರೆಯ ವಿಷಯದಲ್ಲಂತೂ ನಾಮಪದವೇ ಬಿದ್ದುಹೋಗಿದೆ; ‘ಇಳಕಲ್ಲ ಉಟ್ಟಾಳ’ ಅಂದರೆ ಸಾಕು, ಟೋಪ್ ತೆನೆಯ ಕೆಂಪು ಸೆರಗು ಕಣ್ಣಿಗೆ ಬರುತ್ತದೆ.

ಹೊಗಳುವಾಗ ಇನ್ನೊಂದು ದಾರಿಯಿದೆ: ಒಬ್ಬರ ಹೆಸರನ್ನು ಇನ್ನೊಬ್ಬರಿಗೆ ದಾಟಿಸುವುದು. ನಾಗಚಂದ್ರ ‘ಅಭಿನವ ಪಂಪ’ನಾದದ್ದು ಹಾಗೆ. ಈ ಚಟ ಎಷ್ಟು ಹಳೆಯದೆಂದು ತಿಳಿಯಲು ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುತಿ ಗುಡ್ಡ ಹತ್ತಬೇಕು. ಅಲ್ಲಿನ ಜೈನ ಬಸದಿಯ ಪೂರ್ವದ ಗೋಡೆಯಲ್ಲಿ 19 ಸಾಲಿನ ಶಾಸನ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ, ಕಾಲ ಶಕ 556, ಅಂದರೆ ಕ್ರಿ.ಶ. 634. ಬಸದಿ ಕಟ್ಟಿಸಿದವನು ಬಾದಾಮಿಯ ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಜೈನಕವಿ ರವಿಕೀರ್ತಿ. ಬಿರುದು ಕೊಡುವವರಿಗಾಗಿ ಕಾಯದೆ, ಕಾಳಿದಾಸ ಭಾರವಿಯರ ಕೀರ್ತಿ ತನ್ನದೂ ಆಗಿದೆಯೆಂದು ತಾನೇ ಕೆತ್ತಿಸಿದ. ಹೆಸರಿನಲ್ಲೇ ಕೀರ್ತಿ ಇರುವಾಗ ಸಂಕೋಚವೇಕೆ! ಆ ಜಂಬದಿಂದ ಉಪಕಾರವೇ ಆಯಿತು. ಕಾಲ ಖಚಿತವಿರುವ ಬರಹದಲ್ಲಿ ಕಾಳಿದಾಸನ ಹೆಸರು ಸಿಗುವ ಅತಿ ಹಳೆಯ ಜಾಗಗಳಲ್ಲಿ ಇದೊಂದು. ಆತ 634ಕ್ಕಿಂತ ಈಚಿನವನಲ್ಲ ಎನ್ನಲು ಈ ಕಲ್ಲೇ ಸಾಕ್ಷಿ.

ಅದೇ ಗೋಡೆಯಲ್ಲಿ ಇನ್ನೊಂದು ಹೆಸರಿಗೆ ಉಲ್ಟಾ ಗತಿ. ಪುಲಕೇಶಿಯೊಡನೆ ನಡೆದ ಯುದ್ಧದಲ್ಲಿ ಆನೆಗಳು ಬಿದ್ದು ಕನೋಜಿನ ಹರ್ಷನ ಹರ್ಷವೇ ಇಳಿದುಹೋಯಿತು ಅನ್ನುತ್ತಾನೆ ಕವಿ. ಸೋತ ಅರಸನ ಹೆಸರನ್ನು ಬರೀ ಮಾತಿಗಿಳಿಸುವ ಈ ಕುಹಕ ನನಗೆ ಕಾಳಿದಾಸನ ಹೋಲಿಕೆಗಿಂತ ಹೆಚ್ಚು ಇಷ್ಟ.

ಪುಲಕೇಶಿಯ ‘ಸತ್ಯಾಶ್ರಯ’ ಬಿರುದು ಮುಂದೆ ಕಲ್ಯಾಣದ ಚಾಲುಕ್ಯ ದೊರೆಯೊಬ್ಬನ ಹೆಸರೇ ಆಯಿತು. ಮುಧೋಳದ ರನ್ನ ಆ ದೊರೆಯನ್ನು ‘ಸಾಹಸಭೀಮ’ನೆಂದು ಕರೆದು ಗದಾಯುದ್ಧದ ಭೀಮನಾಗಿಸಿದ. ಈಗ ರನ್ನನ ಸರದಿ: ಮುಧೋಳದಲ್ಲಿ ನಡೆಯುವ ಉತ್ಸವದ ಹೆಸರು ‘ರನ್ನ ವೈಭವ’.