ಟಿವಿ ಗೇಮಿನ ಹೊಟ್ಟೆಯೊಳಗೆ

ತೊಂಬತ್ತರ ದಶಕದಲ್ಲಿ ಮಂಗಳೂರಿನಲ್ಲಿ ಶಾಲೆಗೆ ಹೋದವರಿಗೆ ‘ವಿಡಿಯೋ ಗೇಮ್ ಕನ್ಸೋಲ್’ ಅಂದರೆ ಬೇಗ ಹೊಳೆಯಲಿಕ್ಕಿಲ್ಲ. ‘ಟಿವಿ ಗೇಮ್’ ಅನ್ನಿ, ಮುಖ ಅರಳುತ್ತದೆ. ಹಳದಿ ಕ್ಯಾಸೆಟ್ಟು, ಅದರ ಮೇಲೆ ‘9999999 ಇನ್ 1’ ಎಂಬ ಭಾರೀ ಸುಳ್ಳು (ಒಳಗೆ ಬೆರಳೆಣಿಕೆಯ ಆಟಗಳು, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ!), ಮಾರಿಯೋ, ಕಾಂಟ್ರಾ, ಬಾತುಕೋಳಿಗೆ ಗುಂಡು ಹೊಡೆಯುವ ಪ್ಲಾಸ್ಟಿಕ್ ಪಿಸ್ತೂಲು... ನೆನಪಾಯಿತಲ್ಲ? :-)

ಉರ್ವದ ನಮ್ಮ ಮನೆಯ ಅಟ್ಟದಲ್ಲಿ ಅಂಥದ್ದೊಂದು ಉಳಿದಿತ್ತು. ಅಮ್ಮ ಅದನ್ನು ಗುಜರಿಗೆ ಕೊಡುವ ರಾಶಿಗೆ ಸೇರಿಸಿದ್ದರು. ಅಮೆರಿಕದಲ್ಲಿರುವ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದೇ ತಡ, “ಕೊಡಬೇಡ ಮಾರಾಯ, ಸರಿ ಮಾಡಿಡು, ಹೊಸದರ ಹಾಗೆ ಬೆಳ್ಳಗೆ ಆಗಬೇಕು” ಅಂದ. ಜೊತೆಗೆ ಇನ್ನೊಂದು ಚರ್ಚೆ ಶುರುವಾಯಿತು. ಅದನ್ನು ಮಾವ ದುಬಾಯಿಯಿಂದ ತಂದದ್ದು ಎಂದು ಅಮ್ಮ. ಅಲ್ಲ, ಬೊಂಬಾಯಿಯಲ್ಲಿ ತೆಗೆದದ್ದು ಎಂದು ಅಣ್ಣ. ಕೇಳೋಣವೆಂದರೆ ಮಾವ ಈಗ ಇಲ್ಲ. ಉಳಿದಿರುವ ಸಾಕ್ಷಿ ಅಂದರೆ ಆ ಪೆಟ್ಟಿಗೆ ಮಾತ್ರ.

ಈ ಪೆಟ್ಟಿಗೆಗಳ ಮೂಲ ಜಪಾನು. 1983ರ ಜುಲೈ 15ರಂದು ನಿಂಟೆಂಡೋ ಕಂಪೆನಿ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರವನ್ನು 14,800 ಯೆನ್ನಿಗೆ ಮಾರಾಟಕ್ಕಿಟ್ಟಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಮಸಾಯುಕಿ ಉಯೆಮುರಾ, ತೀರಿಕೊಂಡದ್ದು 2021ರಲ್ಲಿ. ನಾವು ಆಡಿದ್ದು ಮಾತ್ರ ಅವರ ಯಂತ್ರವನ್ನಲ್ಲ, ಅದರ ನಕಲನ್ನು. ನಕಲು ಅಂದ ಕೂಡಲೇ ಮೂಗು ಮುರಿಯಬೇಡಿ. ಈ ನಕಲಿನಲ್ಲಿ ಅಸಲಿನಲ್ಲಿಲ್ಲದ ಒಂದು ಬುದ್ಧಿವಂತಿಕೆ ಇದೆ.

ಆರು ಸ್ಕ್ರೂ ತೆಗೆದೆ. ಮೊದಲು ಸಿಕ್ಕಿದ್ದು ಹಲ್ಲಿ ಮೊಟ್ಟೆಯ ಓಡು, ಇರುವೆ ಗೂಡಿನ ಮಣ್ಣು. ಬ್ರಷ್ಷಿನಲ್ಲಿ ಗುಡಿಸಿದ ಮೇಲೆ ಎರಡು ದೊಡ್ಡ ಚಿಪ್ಪುಗಳು ಕಂಡವು. ಒಂದರ ಮೇಲೆ ಯುಎ6527ಪಿ, ಇನ್ನೊಂದರ ಮೇಲೆ ಯುಎ6538. ಇವು ತೈವಾನಿನ ಯುಎಂಸಿ ಕಂಪೆನಿಯವು. ಮೊದಲನೆಯದು ಲೆಕ್ಕ ಮಾಡುವ, ಸದ್ದು ಹೊರಡಿಸುವ ಚಿಪ್. ಎರಡನೆಯದು ಚಿತ್ರ ಬಿಡಿಸುವುದು. (ಆಮೇಲಾಮೇಲೆ ಬಂದ ಅಗ್ಗದ ಪೆಟ್ಟಿಗೆಗಳಲ್ಲಿ ಎಲ್ಲವೂ ಒಂದೇ ಚಿಪ್ಪಿನೊಳಗೆ, ಅದರ ಮೇಲೆ ಕಪ್ಪು ಅಂಟಿನ ಹನಿ. ಓದಲು ಅಲ್ಲಿ ಏನೂ ಸಿಗುವುದಿಲ್ಲ.)

ಈಗ ಬುದ್ಧಿವಂತಿಕೆಯ ವಿಷಯ. ಜಪಾನಿನ ಟಿವಿ ಎನ್‌ಟಿಎಸ್‌ಸಿ ಪದ್ಧತಿಯದ್ದು, ಸೆಕೆಂಡಿಗೆ ಸುಮಾರು 60 ಚಿತ್ರ. ನಮ್ಮದು ಪಾಲ್ ಪದ್ಧತಿ, 50 ಚಿತ್ರ. ಹಾಗಾಗಿ ಜಪಾನಿನ ಪೆಟ್ಟಿಗೆಯನ್ನು ನೇರವಾಗಿ ಇಲ್ಲಿನ ಹಳೆಯ ಟಿವಿಗೆ ಸಿಕ್ಕಿಸಿದರೆ ಸರಿಯಾದ ಬಣ್ಣ ಬರುತ್ತಿರಲಿಲ್ಲ. ನಿಂಟೆಂಡೋ ಯೂರೋಪಿನ ಪಾಲ್ ಟಿವಿಗಳಿಗೆಂದು ಬೇರೆ ಚಿಪ್ ಮಾಡಿತು. ಅದರಲ್ಲಿ ಪ್ರೊಸೆಸರಿನ ವೇಗ 1.79 ಮೆಗಾಹರ್ಟ್ಸ್‌ನಿಂದ 1.66ಕ್ಕೆ ಇಳಿಯಿತು, ಕೆಲವು ಜಪಾನಿ ಆಟಗಳು ಅದರಲ್ಲಿ ಎಡವುತ್ತಿದ್ದವು. ತೈವಾನಿನವರು ವೇಗವನ್ನು 1.77ರಲ್ಲೇ ಉಳಿಸಿಕೊಂಡು, ಪ್ರತಿ ಚಿತ್ರದ ಕೊನೆಗೆ ಖಾಲಿ ಗೆರೆಗಳನ್ನು ಸೇರಿಸಿ ಹೊತ್ತು ಕಳೆದರು. ಜಪಾನಿ ಕ್ಯಾಸೆಟ್ಟು ಪಾಲ್ ಟಿವಿಯಲ್ಲಿ ಸಲೀಸಾಗಿ ಓಡಿತು!

ಆದರೆ ಸೆಕೆಂಡಿಗೆ ಹತ್ತು ಚಿತ್ರ ಕಡಿಮೆಯೇ ಅಲ್ಲವೇ. ಅಂದರೆ ನಮ್ಮ ಮಾರಿಯೋ ಜಪಾನಿನ ಮಾರಿಯೋನಿಗಿಂತ ಆರನೇ ಒಂದು ಪಾಲು ನಿಧಾನವಾಗಿ ಓಡಿದ. ಅಲ್ಲಿ ಒಂದು ನಿಮಿಷದಲ್ಲಿ ಮುಗಿಯುವ ಸಂಗೀತ ನಮಗೆ 72 ಸೆಕೆಂಡು. ಶ್ರುತಿ ಹೆಚ್ಚುಕಡಿಮೆ ಅದೇ, ತಾಳ ಮಾತ್ರ ವಿಳಂಬ. ಅಂತರ್ಜಾಲದಲ್ಲಿ ಮಾರಿಯೋ ಸಂಗೀತ ಕೇಳಿದಾಗಲೆಲ್ಲ ಇದೆಂತ ಇಷ್ಟು ಅವಸರ ಅನಿಸುತ್ತಿತ್ತಲ್ಲ, ಅದರ ಕಾರಣ ಇದು. ಎಮ್ಯುಲೇಟರುಗಳಲ್ಲಿ ಈ ಚಿಪ್ಪಿನ ನಡೆಗೆ ‘ಡೆಂಡಿ’ ಎಂದು ಹೆಸರು. 1992ರ ಕೊನೆಯಲ್ಲಿ ರಷ್ಯದಲ್ಲಿ ಮಾರಾಟಕ್ಕೆ ಬಂದ ಇಂಥದ್ದೇ ನಕಲಿನ ಹೆಸರದು. ಪೋಲೆಂಡಿನಲ್ಲಿ ಇದರ ಸೋದರ ‘ಪೆಗಾಸಸ್’. ನಮ್ಮಲ್ಲಿ ಲಿಟಲ್ ಮಾಸ್ಟರ್, ಮೀಡಿಯಾ, ಸಮುರಾಯ್ ಎಂಬ ಹೆಸರುಗಳಿದ್ದವು. ನಮ್ಮ ಪೆಟ್ಟಿಗೆಯ ಮೇಲೆ ಹೆಸರೇ ಇಲ್ಲ.

ಹೆಸರಿಲ್ಲದಿದ್ದರೂ ಅಡಾಪ್ಟರ್ ಇತ್ತು. ಅದಕ್ಕೆ ಮೂರು ಚೌಕ ಪಿನ್ನುಗಳು! ಗಲ್ಫಿನಲ್ಲಿ ಯಾರಾದರೂ ಇರುವ ಮನೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ದುಬಾಯಿಯ ಗೋಡೆಯಲ್ಲಿ ಬ್ರಿಟಿಷ್ ಮಾದರಿಯ ಸಾಕೆಟ್ಟು. ಇಲ್ಲಿ ಕನ್ವರ್ಟರ್ ಪ್ಲಗ್ ಇಲ್ಲದೆ ಅದು ಹೋಗುವುದಿಲ್ಲ. ದುಬಾಯಿಯ ಟಿವಿಯೂ ಪಾಲ್, ನಮ್ಮದೂ ಪಾಲ್, ಆದ್ದರಿಂದ ಅಲ್ಲಿ ಕೊಂಡದ್ದು ಉರ್ವದಲ್ಲಿ ತಕರಾರಿಲ್ಲದೆ ನಡೆಯಿತು. ಮಂಗಳೂರಿನಿಂದ ದುಬಾಯಿಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮುಂಚೆ ಮಾವ ಬರುತ್ತಿದ್ದದ್ದು ಬೊಂಬಾಯಿಯಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲಿ. ಅಣ್ಣನ ತಲೆಯಲ್ಲಿ ಬೊಂಬಾಯಿ ಹೇಗೆ ಸೇರಿಕೊಂಡಿತು ಎಂದು ನನಗೆ ಗೊತ್ತಾಯಿತು. ಅವನು ಒಪ್ಪಲಿಲ್ಲ, ಅದು ಬೇರೆ ವಿಷಯ.

ಇನ್ನು ಸ್ವಚ್ಛತೆ. ನಮ್ಮ ಊರಿನ ಮಳೆ, ಸಮುದ್ರದ ಉಪ್ಪು ಗಾಳಿ ಸೇರಿದರೆ ತಾಮ್ರಕ್ಕೆ ಹಸಿರು ಕಿಲುಬು ಗ್ಯಾರಂಟಿ. ಕ್ಯಾಸೆಟ್ಟು ಕೂರುವ ಜಾಗದ 60 ಪಿನ್ನುಗಳಿಗೂ ಹಿಡಿದಿತ್ತು. ನಾವೆಲ್ಲ ಕ್ಯಾಸೆಟ್ಟಿಗೆ ‘ಉಫ್’ ಎಂದು ಊದುತ್ತಿದ್ದೆವಲ್ಲ, ಬಾಯಿಯ ಪಸೆ ಅಲ್ಲಿ ಕೂತು ಕಿಲುಬಿಗೆ ಇನ್ನಷ್ಟು ಅನುಕೂಲ. ಕೆಲಸ ಮಾಡುತ್ತಿದ್ದದ್ದು ಊದುವುದಲ್ಲ, ಮತ್ತೊಮ್ಮೆ ತೆಗೆದು ಹಾಕುವುದು. ಕ್ಯಾಸೆಟ್ಟಿನ ಅಂಚಿಗೆ ಪೆನ್ಸಿಲ್ ರಬ್ಬರ್, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಪಿನ್ನುಗಳ ಸಂದಿಗೆ ರಟ್ಟಿನ ತುಂಡಿಗೆ ತೆಳು ಬಟ್ಟೆ ಸುತ್ತಿ, ಅದನ್ನೇ ಆಲ್ಕೋಹಾಲಿನಲ್ಲಿ ಅದ್ದಿ ಹತ್ತಾರು ಸಲ ಒಳಗೆ ಹೊರಗೆ. ಸ್ಯಾಂಡ್ ಪೇಪರ್ ಬೇಡವೇ ಬೇಡ, ಮೇಲಿನ ಲೇಪ ಹೋದರೆ ಮುಗಿಯಿತು. ಬಟನ್ನಿನ ಕೆಳಗಿನ ಕಪ್ಪು ರಬ್ಬರ್ ಬಿಲ್ಲೆಗಳನ್ನು ಒರೆಸಿದ್ದೇ ಸಾಕಾಯಿತು. ಕರೆಂಟು ಕೊಡುವ ಮುಂಚೆ ಮೀಟರಿನಲ್ಲಿ ಅಡಾಪ್ಟರಿನ ಪ್ಲಸ್ ಮೈನಸ್ ನೋಡಿದೆ. ಫ್ಯಾಮಿಕಾಮ್ ಜಾತಿಯ ಅನೇಕ ಪೆಟ್ಟಿಗೆಗಳಲ್ಲಿ ನಡುವಿನ ಪಿನ್ನು ಮೈನಸ್, ಇಂದಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಪ್ಲಸ್. ತಿರುಗುಮುರುಗಾದರೆ ಚಿಪ್ಪೇ ಸುಡಬಹುದು.

ಬೋರ್ಡಿನ ಮೂಲೆಯಲ್ಲಿ ಒಂದು ಹಳೆ ರಿಪೇರಿಯೂ ಕಂಡಿತು. 5 ವೋಲ್ಟ್ ಕೊಡುವ 7805 ರೆಗ್ಯುಲೇಟರನ್ನು ಯಾರೋ ಬದಲಿಸಿ, ಬಿಸಿ ಆರಲೆಂದು ಅಲ್ಯೂಮಿನಿಯಂ ತಗಡಿನ ತುಂಡೊಂದನ್ನು ಬೋಲ್ಟಿನಲ್ಲಿ ಬಿಗಿದಿದ್ದರು. ಉರ್ವ ಸ್ಟೋರಿನ ಹತ್ತಿರ ಟಿವಿ, ರೇಡಿಯೋ ರಿಪೇರಿ ಮಾಡುತ್ತಿದ್ದವರೊಬ್ಬರ ಕೈಕೆಲಸ ಅದು ಎಂದು ಅಮ್ಮನಿಗೆ ನೆನಪಿದೆ. ಬೆಸುಗೆ ಚಂದವಿಲ್ಲ, ಗಟ್ಟಿ ಇದೆ. ಇಷ್ಟು ವರ್ಷವಾದರೂ ಮೀಟರಿನಲ್ಲಿ ಸರಿಯಾಗಿ 5 ವೋಲ್ಟ್ ತೋರಿಸಿತು. ಅದನ್ನು ಮುಟ್ಟಲಿಲ್ಲ.

ಹಳದಿಯಾದ ಮೈಯನ್ನು ಬೆಳ್ಳಗೆ ಮಾಡುವ ವಿದ್ಯೆ 2008ರಿಂದ ಪ್ರಸಿದ್ಧ: ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡುವುದು. ಬಿಸಿಲಿಗೇನೂ ಬರವಿರಲಿಲ್ಲ. ಆದರೆ ತಳದಲ್ಲಿ ಮಾವ ಬಾಲ್ ಪೆನ್ನಿನಲ್ಲಿ ನಮ್ಮಿಬ್ಬರ ಹೆಸರು ಬರೆದಿದ್ದರು, ಲಗೇಜಿನಲ್ಲಿ ಬೇರೆಯವರ ಮಕ್ಕಳದ್ದರ ಜೊತೆ ಅದಲುಬದಲಾಗಬಾರದೆಂದು. ಪೆರಾಕ್ಸೈಡಿಗೆ ಆ ಶಾಯಿ ಉಳಿಯುತ್ತದೆಂಬ ನಂಬಿಕೆ ನನಗಿಲ್ಲ. ಸೋಪುನೀರಿನಲ್ಲಿ ಮೇಲ್ಭಾಗವನ್ನಷ್ಟೇ ತೊಳೆದು ಬಿಟ್ಟೆ. ಬೆಳ್ಳಗಾಗಲಿಲ್ಲ ಎಂದು ಅಣ್ಣನಿಗೆ ಹೇಳಿ, ತಳದ ಫೋಟೋ ಕಳಿಸಿದೆ. ಆಮೇಲೆ ಅವನು ಆ ವಿಷಯ ಎತ್ತಲಿಲ್ಲ.

ಆಟ ಓಡುತ್ತಿದೆ, ಪಿಸ್ತೂಲು ಮಾತ್ರ ಇಲ್ಲ. ಟ್ರಿಗರ್ ಒತ್ತಿದಾಗ ಪರದೆ ಕ್ಷಣಕಾಲ ಕಪ್ಪಾಗಿ, ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮಿನುಗುತ್ತದೆ. ಪಿಸ್ತೂಲಿನ ಕಣ್ಣಿಗೆ ಆ ಬೆಳಕು ಅದೇ ಕ್ಷಣದಲ್ಲಿ ಕಾಣಬೇಕು. ಇಂದಿನ ಚಪ್ಪಟೆ ಟಿವಿ ಚಿತ್ರ ತೋರಿಸುವಾಗ ತಡಮಾಡುತ್ತದೆ, ಗುಂಡು ಗಾಳಿಗೆ. ಅಣ್ಣನ ಮಗ ಡಿಸೆಂಬರಿಗೆ ಬರುತ್ತಾನೆ. ಅಷ್ಟರೊಳಗೆ ಪಿಕ್ಚರ್ ಟ್ಯೂಬಿನ ಟಿವಿ ಒಂದು ಬೇಕು. ಉರ್ವ, ಚಿಲಿಂಬಿ ಕಡೆ ಯಾರ ಮನೆಯಲ್ಲಾದರೂ ನಡೆಯುವಂಥದ್ದು ಇದ್ದರೆ ದಯವಿಟ್ಟು ಹೇಳಿ ಮಾರಾಯ್ರೆ, ನಾನೇ ಬಂದು ಹೊತ್ತುಕೊಂಡು ಹೋಗುತ್ತೇನೆ.